ಮುಂದಿನ ವರ್ಷದ ಕೈಗೆ ಕೊಂಡ ಪಿಟೀಲು

ಬೆಂಗಳೂರಿನ ಬಳೇಪೇಟೆಯ ವಾದ್ಯದ ಅಂಗಡಿಯೊಂದರಲ್ಲಿ ಬಹಳ ವರ್ಷಗಳಿಂದ ಮಾರಾಟದ ಕೆಲಸ ಮಾಡುತ್ತಿದ್ದೇನೆ. ವಿಜಯದಶಮಿಯ ದಿನ ಪಾಠ ಆರಂಭವಾಗಲಿ ಎಂಬ ಆಸೆಯಿಂದ ಮಕ್ಕಳನ್ನು ಕರೆದುಕೊಂಡು ಬರುವವರಿಂದ ನವರಾತ್ರಿಯಲ್ಲಿ ಅಂಗಡಿ ತುಂಬಿರುತ್ತದೆ. ಬೇಸಿಗೆ ರಜೆ ಶುರುವಾದಾಗಲೂ ಹಾಗೆಯೇ. ಆ ದಿನಗಳಲ್ಲಿ ಒಂದೇ ಮಾತನ್ನು ಬೆಳಗಿನಿಂದ ಸಂಜೆಯವರೆಗೆ ಬೇರೆ ಬೇರೆ ಕುಟುಂಬಗಳಿಗೆ ಹೇಳಬೇಕಾಗುತ್ತದೆ. ಏಳು ವರ್ಷದ ಮಗುವಿಗೆ ಫುಲ್ ಸೈಜ್ ಪಿಟೀಲು ಬೇಕೆಂದು ತಂದೆ ಕೇಳುತ್ತಾರೆ. ಅದು ಮಗುವಿನ ಕೈಗೆ ಆಗುವುದಿಲ್ಲ ಎನ್ನುತ್ತೇನೆ. "ಬೆಳೆಯುವ ಮಗು ಸರ್, ಯೂನಿಫಾರ್ಮ್ ಕೂಡ ಒಂದು ಸೈಜ್ ದೊಡ್ಡದೇ ಹೊಲಿಸುತ್ತೇವೆ" ಎಂಬ ಉತ್ತರ ಬರುತ್ತದೆ. ದೊಡ್ಡ ಅಂಗಿಯ ತೋಳನ್ನು ಮಡಚಿಕೊಳ್ಳಬಹುದು. ಪಿಟೀಲಿನ ತಂತಿಯನ್ನು ಮಡಚಲಾಗುವುದಿಲ್ಲ.

ಮೊದಲು ಅಳತೆಯ ವಿಷಯ. ಅರ್ಧ ಸೈಜ್, ಕಾಲು ಸೈಜ್ ಎಂದೊಡನೆ ಅರ್ಧ ಬೆಲೆಯ ಆಟಿಕೆಯೊಂದನ್ನು ಕೊಡುತ್ತಿದ್ದಾರೆ ಎಂದು ಕೆಲವರ ಮುಖ ಸಪ್ಪಗಾಗುತ್ತದೆ. ಫುಲ್ ಸೈಜ್ ಪಿಟೀಲಿನ ಒಡಲು ಸುಮಾರು 35.5 ಸೆಂಟಿಮೀಟರ್ ಉದ್ದವಿದ್ದರೆ, ಅರ್ಧ ಸೈಜಿನದು ಸುಮಾರು 31ರಿಂದ 32 ಸೆಂಟಿಮೀಟರ್ ಇರುತ್ತದೆ. ಆ ಭಿನ್ನರಾಶಿಗಳು ರೂಢಿಯಿಂದ ಬಂದ ಗುರುತುಗಳೇ ಹೊರತು ಉದ್ದದ ಲೆಕ್ಕವಲ್ಲ. ತಯಾರಕರಿಂದ ತಯಾರಕರಿಗೆ ಕೆಲವು ಮಿಲಿಮೀಟರ್ ವ್ಯತ್ಯಾಸವೂ ಇರುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ಚೀಟಿಯನ್ನಷ್ಟೇ ನಂಬದೆ ಅಳೆದು ನೋಡುವುದು ಒಳ್ಳೆಯದು.

ಈಗ ನಾನು ಎಷ್ಟು ಹೇಳಿದರೂ ಸಾಲದೆನಿಸುವ ಸಂಗತಿಗೆ ಬರುತ್ತೇನೆ. ನಮ್ಮ ಕರ್ನಾಟಕ ಸಂಗೀತದ ಮಕ್ಕಳು ಸರಳೆ ವರಸೆ ಎಂಬ ಮೊದಲ ಪಾಠವನ್ನು ಮಾಯಾಮಾಳವಗೌಳ ರಾಗದಲ್ಲಿ ಕಲಿಯುತ್ತಾರೆ. ಆ ರಾಗದಲ್ಲಿ ಷಡ್ಜದ (ಸ) ಪಕ್ಕದಲ್ಲೇ ಶುದ್ಧ ರಿಷಭ (ರಿ), ಅಲ್ಲಿಂದ ಬಹಳ ದೂರದಲ್ಲಿ ಅಂತರ ಗಾಂಧಾರ (ಗ), ಮತ್ತೆ ಗಾಂಧಾರಕ್ಕೆ ಅಂಟಿಕೊಂಡಂತೆ ಶುದ್ಧ ಮಧ್ಯಮ (ಮ) ಇರುತ್ತವೆ. ಷಡ್ಜವನ್ನು ಬೆರಳು ಒತ್ತದ ತಂತಿಯಲ್ಲಿ ನುಡಿಸಿ, ರಿಷಭಕ್ಕೆ ತೋರುಬೆರಳು, ಗಾಂಧಾರಕ್ಕೆ ಮಧ್ಯದ ಬೆರಳು, ಮಧ್ಯಮಕ್ಕೆ ಉಂಗುರದ ಬೆರಳು ಇಡುವುದು ಸಾಮಾನ್ಯ ಕ್ರಮ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯೆಂಬ ಮರದ ಬಿಲ್ಲೆಯಿಂದ, ತಂತಿ ಬಿಗಿಯುವ ಬಿರಡೆಗಳ ಕಡೆ ಇರುವ ಮೇರುವೆಂಬ ಪಟ್ಟಿಯವರೆಗೆ ಮಿಡಿಯುವ ತಂತಿಯ ಉದ್ದ ಫುಲ್ ಸೈಜಿನಲ್ಲಿ ಸುಮಾರು 328 ಮಿಲಿಮೀಟರ್. ಶುದ್ಧ ರಿಷಭ ಸಿಗುವುದು ಮೇರುವಿನಿಂದ ತಂತಿಯ ಹದಿನಾರನೇ ಒಂದು ಭಾಗ ದಾಟಿದ ಮೇಲೆ, ಅಂತರ ಗಾಂಧಾರ ಸಿಗುವುದು ಐದನೇ ಒಂದು ಭಾಗ ದಾಟಿದ ಮೇಲೆ. ಲೆಕ್ಕ ಹಾಕಿದರೆ ಆ ಎರಡು ಬೆರಳುಗಳ ನಡುವೆ ಸುಮಾರು 45 ಮಿಲಿಮೀಟರ್ ಅಂತರ ಬೀಳುತ್ತದೆ. ಅರ್ಧ ಸೈಜಿನಲ್ಲಿ ಅದು 39ರ ಆಸುಪಾಸು, ಕಾಲು ಸೈಜಿನಲ್ಲಿ 35ರ ಆಸುಪಾಸು. ಏಳು ವರ್ಷದ ಮಗುವಿನ ತೋರುಬೆರಳು ಮತ್ತು ಮಧ್ಯದ ಬೆರಳನ್ನು ನಿಧಾನವಾಗಿ ಅಗಲಿಸಿ ಒಮ್ಮೆ ಅಳೆದು ನೋಡಿ. ನಾಲ್ಕೂವರೆ ಸೆಂಟಿಮೀಟರ್ ಎಂದರೆ ಎಂಥ ಎಳೆತವೆಂದು ನಾನು ಹೇಳಬೇಕಾಗಿಲ್ಲ. ಮೊದಲ ಪಾಠದಲ್ಲೇ, ಮೊದಲ ಸಾಲಿನಲ್ಲೇ ಈ ಎಳೆತ ಎದುರಾಗುತ್ತದೆ ಎಂಬುದನ್ನು ತಂದೆತಾಯಿಯರು ಗಮನಿಸುವುದಿಲ್ಲ.

ಬೆರಳು ಮುಟ್ಟದಿದ್ದಾಗ ಮಗು ಸುಮ್ಮನೆ ಕೂರುವುದಿಲ್ಲ, ಹೇಗಾದರೂ ಮುಟ್ಟಿಸಲು ನೋಡುತ್ತದೆ. ಅಂಗೈಯನ್ನು ಪಿಟೀಲಿನ ಕತ್ತಿಗೆ ಒತ್ತುತ್ತದೆ, ಮಣಿಕಟ್ಟನ್ನು ಬಗ್ಗಿಸುತ್ತದೆ, ತೋರುಬೆರಳನ್ನು ಜಾಗದಿಂದ ಎಳೆದು ಗಾಂಧಾರದ ಕಡೆಗೆ ತರುತ್ತದೆ. ಆದರೂ ಗಾಂಧಾರ ಸ್ವಲ್ಪ ಕೆಳಗೆ ನಿಲ್ಲುತ್ತದೆ, ಗುರುಗಳು ತಿದ್ದುತ್ತಾರೆ, ಮಗು ಇನ್ನಷ್ಟು ಬಿಗಿಯುತ್ತದೆ. ನಮ್ಮ ಪದ್ಧತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಪಿಟೀಲಿನ ತಲೆಯನ್ನು ಬಲಗಾಲಿನ ಹಿಮ್ಮಡಿಗಂಟಿನ ಬಳಿ ಊರಿ, ಹಿಂತುದಿಯನ್ನು ಎಡಭುಜ ಮತ್ತು ಎದೆಗೆ ಒರಗಿಸಿಕೊಳ್ಳುತ್ತೇವೆ. ಎಡಗೈ ವಾದ್ಯವನ್ನು ಹೊರಬೇಕಾಗಿಲ್ಲದ ಕಾರಣದಿಂದಲೇ ಅದು ತಂತಿಯ ಉದ್ದಕ್ಕೂ ಜಾರಿ ಸ್ವರವನ್ನು ತೂಗುವ ಗಮಕ ತರಬಲ್ಲದು. ಸುಮಾರು 59 ಸೆಂಟಿಮೀಟರ್ ಉದ್ದದ ಫುಲ್ ಸೈಜ್ ವಾದ್ಯವನ್ನು ಪುಟ್ಟ ಮಗುವಿನ ಭುಜಕ್ಕೂ ಪಾದಕ್ಕೂ ನಡುವೆ ಇಟ್ಟರೆ ತಲೆ ಪಾದವನ್ನು ದಾಟಿ ಮುಂದೆ ಹೋಗುತ್ತದೆ, ಆಸರೆ ತಪ್ಪುತ್ತದೆ. ಜಾರಬೇಕಾದ ಕೈ ಆಗ ಹಿಡಿಯುವ ಕೆಲಸಕ್ಕೆ ಸಿಕ್ಕಿಬೀಳುತ್ತದೆ. ಎರಡು ವರ್ಷ ಹೀಗೆ ಬಿಗಿದು ನುಡಿಸಿದ ಕೈಯನ್ನು ಸಡಿಲಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ ಎಂದು ಪಾಠ ಹೇಳುವ ಅನೇಕರು ನನ್ನ ಬಳಿ ನೊಂದುಕೊಂಡಿದ್ದಾರೆ. ಮಗುವಿನ ಕೈ ಮುಂದೆ ಬೆಳೆಯುವುದು ನಿಜ, ಆದರೆ ಬಿಗಿಯುವ ಅಭ್ಯಾಸವೂ ಕೈಯ ಜೊತೆಯಲ್ಲೇ ಬೆಳೆಯುತ್ತದೆ.

ನನಗೆ ಹೆಚ್ಚು ಸಂಕಟವಾಗುವುದು ವಾದ್ಯ ಹಿಂತಿರುಗಿಸಲು ಬರುವವರನ್ನು ಕಂಡಾಗ. "ಇವಳಿಗೆ ಆಸಕ್ತಿ ಇಲ್ಲ, ಪೆಟ್ಟಿಗೆ ತೆಗೆಯುವುದೇ ಇಲ್ಲ" ಎಂದು ತಾಯಿಯೊಬ್ಬರು ಒಮ್ಮೆ ಫುಲ್ ಸೈಜ್ ಪಿಟೀಲನ್ನು ಕೌಂಟರಿನ ಮೇಲೆ ಇಟ್ಟರು. ಬೇರೆಡೆ ಕೊಂಡ ವಾದ್ಯ ಅದು. ಹುಡುಗಿ ಅಮ್ಮನ ಹಿಂದೆ ನಿಂತು ಗೋಡೆಗೆ ತೂಗುಹಾಕಿದ್ದ ಪಿಟೀಲುಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಆಸಕ್ತಿ ಇಲ್ಲದ ಮಗು ಹಾಗೆ ನೋಡುವುದಿಲ್ಲ. ಜಮಖಾನ ಹಾಸಿ, ಕಾಲು ಸೈಜ್ ವಾದ್ಯಕ್ಕೆ ಶ್ರುತಿ ಮಾಡಿ ಅವಳ ಮುಂದೆ ಇಟ್ಟೆ. ಸ ರಿ ಗ ಮ ಎಂದು ಮಧ್ಯಮದವರೆಗೆ ನುಡಿಸಿ, ಬೆರಳು ಮುಟ್ಟಿತಲ್ಲ ಎಂಬ ಆಶ್ಚರ್ಯದಿಂದ ತಿರುಗಿ ಅಮ್ಮನ ಮುಖ ನೋಡಿದಳು. "ಕೈ ನೋಯುತ್ತೆ ಅಂತ ಹೇಳ್ತಾನೇ ಇದ್ದಳು, ನೆಪ ಹೇಳ್ತಾಳೆ ಅಂದುಕೊಂಡೆ" ಎಂದು ಆ ತಾಯಿ ಅಲ್ಲೇ ಕಣ್ಣೊರೆಸಿಕೊಂಡರು. ಪ್ರತಿಯೊಂದು ಮಗುವಿನ ವಿಷಯದಲ್ಲೂ ಹೀಗೇ ಇರುತ್ತದೆಂದು ನಾನು ಹೇಳಲಾರೆ. ನಿಜವಾಗಿ ಸಂಗೀತ ಒಗ್ಗದ ಮಕ್ಕಳೂ ಇದ್ದಾರೆ. ಆದರೆ ನೋವಿಗೂ ನಿರಾಸಕ್ತಿಗೂ ವ್ಯತ್ಯಾಸ ತಿಳಿಯದೆ ಪಾಠ ಬಿಡಿಸುವುದು ಮಗುವಿಗೆ ಮಾಡುವ ಅನ್ಯಾಯ.

ಚಿಕ್ಕ ಪಿಟೀಲಿನ ನಾದ ತೆಳುವಾಗಿರುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಒಡಲು ಚಿಕ್ಕದಾದಷ್ಟೂ ಮಂದ್ರದ, ಅಂದರೆ ಕೆಳಗಿನ ಸ್ವರಗಳ, ತುಂಬು ಕಡಿಮೆಯಾಗುತ್ತದೆ. ತಂತಿಯೂ ಗಿಡ್ಡವಾದ್ದರಿಂದ ತಗ್ಗಿನ ಶ್ರುತಿಗೆ ಇಳಿಸಿದರೆ ಸಡಿಲಗೊಂಡು ಕರಕರ ಎನ್ನುತ್ತದೆ. ಆ ಸೈಜಿಗೆಂದೇ ಮಾಡಿದ ತಂತಿ ಹಾಕಿಸಿ, ಶ್ರುತಿಯನ್ನು ಸ್ವಲ್ಪ ಏರಿಸಬಹುದೇ ಎಂದು ಗುರುಗಳನ್ನು ಕೇಳಿದರೆ ಬಹುಪಾಲು ಸರಿಹೋಗುತ್ತದೆ. ಮೈಸೂರು ಟಿ. ಚೌಡಯ್ಯನವರು (1895–1967) ನಾಲ್ಕು ತಂತಿಗೆ ಇನ್ನು ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದ್ದು ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲಿ ಎಂಬ ಕಾರಣಕ್ಕೆ. ಅವರ ಹೆಸರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಸಭಾಂಗಣ ನಮ್ಮ ಊರಿನಲ್ಲೇ ಇದೆ. ಮಕ್ಕಳಿಗೆ ಅದನ್ನು ತೋರಿಸಬೇಕೆಂದು ನಾನು ಬಂದವರಿಗೆಲ್ಲ ಹೇಳುತ್ತೇನೆ. ಅಷ್ಟು ದೊಡ್ಡ ನಾದದ ಅಗತ್ಯ ಕಛೇರಿ ಮಾಡುವವರಿಗೆ ಬರುತ್ತದೆ. ಜಂಟಿ ವರಸೆಯಂಥ ಆರಂಭದ ಪಾಠ ನುಡಿಸುವ ಮಗುವಿನ ನಾದ ಎದುರು ಕುಳಿತ ಗುರುಗಳ ಕಿವಿಗೆ ಮುಟ್ಟಿದರೆ ಸಾಕು.

ಇನ್ನು ಹಣದ ಮಾತು. ಎರಡು ವರ್ಷಕ್ಕೊಮ್ಮೆ ಹೊಸ ವಾದ್ಯ ಮಾರಲು ಈತ ಚಿಕ್ಕದನ್ನು ಕೊಡುತ್ತಿದ್ದಾನೆ ಎಂಬ ಅನುಮಾನ ಗಿರಾಕಿಗಳಿಗೆ ಬರುವುದು ಸಹಜ, ನನಗೆ ಅದರಿಂದ ಬೇಸರವಿಲ್ಲ. ಆದರೆ ಚಿಕ್ಕ ಸೈಜಿನ ಪಿಟೀಲು ಮನೆಯಿಂದ ಮನೆಗೆ ಹೋಗುವ ವಸ್ತು. ಅದೇ ಗುರುಗಳ ಬಳಿ ಕಲಿಯುವ ಚಿಕ್ಕ ಮಗುವಿಗೆ ಅರ್ಧ ಬೆಲೆಗೆ ಕೊಡಬಹುದು, ಅಂಗಡಿಯಲ್ಲಿ ಬದಲಾಯಿಸಿಕೊಳ್ಳುವ ಮಾತನ್ನು ಕೊಳ್ಳುವಾಗಲೇ ಬಿಲ್ಲಿನ ಮೇಲೆ ಬರೆಸಿಕೊಳ್ಳಬಹುದು, ಕೆಲವೆಡೆ ಬಾಡಿಗೆಗೂ ಸಿಗುತ್ತದೆ. ಹೆಚ್ಚಿನ ಹಣ ಖರ್ಚು ಮಾಡುವುದೇ ಆದರೆ ಸೈಜಿಗಿಂತ ವಾದ್ಯವನ್ನು ಸಜ್ಜುಗೊಳಿಸಲು ಖರ್ಚು ಮಾಡಿ ಎನ್ನುತ್ತೇನೆ: ಕುದುರೆಯನ್ನು ಅರದಿಂದ ತಗ್ಗಿಸಿ ತಂತಿಯ ಎತ್ತರ ಸರಿಪಡಿಸುವುದು, ಒಡಲೊಳಗಿನ ಸೌಂಡ್ ಪೋಸ್ಟ್ ಎಂಬ ಮರದ ಕಡ್ಡಿಯನ್ನು ನೇರವಾಗಿ ನಿಲ್ಲಿಸುವುದು, ಬಿರಡೆಗಳು ಜಾರದಂತೆ ಕೂರಿಸುವುದು. ಕಡಿಮೆ ಬೆಲೆಯ ವಾದ್ಯಗಳು ಪೆಟ್ಟಿಗೆಯಿಂದ ಹೊರಬಂದಾಗ ಅವುಗಳ ಕುದುರೆ ಹೆಚ್ಚಾಗಿ ಎತ್ತರವಾಗಿಯೇ ಇರುತ್ತದೆ, ತಂತಿ ಒತ್ತಲು ದೊಡ್ಡವರ ಬೆರಳೂ ನೋಯುತ್ತದೆ. ಈ ಕೆಲಸವನ್ನು ಮಾಡಿಕೊಡದೆ ಯಾವ ಅಂಗಡಿಯವರೂ ಮಗುವಿನ ಕೈಗೆ ವಾದ್ಯ ಕೊಡಬಾರದು.

ಪಾಶ್ಚಾತ್ಯ ಪದ್ಧತಿಯಲ್ಲಿ ಗದ್ದಕ್ಕೆ ಒತ್ತಿ ನಿಂತು ನುಡಿಸುವವರಿಗೆ ತೋಳು ಚಾಚಿಸಿ ಕತ್ತಿನಿಂದ ಅಂಗೈ ನಡುವಿನವರೆಗೆ ಅಳೆಯುತ್ತಾರೆ. ಸುಮಾರು 58 ಸೆಂಟಿಮೀಟರ್ ದಾಟಿದರೆ ಫುಲ್ ಸೈಜ್ ಯೋಚಿಸಬಹುದು. ಕುಳಿತು ನುಡಿಸುವ ನಮ್ಮ ಮಕ್ಕಳಿಗೆ ಆ ಅಳತೆಯೊಂದೇ ಸಾಲದು. ನೆಲದ ಮೇಲೆ ಕೂರಿಸಿ, ವಾದ್ಯದ ತಲೆ ಪಾದದ ಮೇಲೆ ನಿಲ್ಲುವುದೇ, ಬಿರಡೆಯ ಬಳಿ ಬೆರಳಿಟ್ಟಾಗ ಮೊಣಕೈ ಇನ್ನೂ ಬಾಗಿರುವುದೇ, ಕಮಾನನ್ನು ತುದಿಯವರೆಗೆ ಎಳೆದಾಗ ಬಲತೋಳು ಚಾಚಿ ಸೆಟೆಯುವುದೇ ಎಂದು ನೋಡಬೇಕು. ಇದಕ್ಕಾಗಿಯೇ ಮಗುವನ್ನು ಮನೆಯಲ್ಲಿ ಬಿಟ್ಟು ವಯಸ್ಸು ಹೇಳಿ ವಾದ್ಯ ಕೇಳುವವರನ್ನು ನಾನು ಬರಿಗೈಯಲ್ಲಿ ಕಳುಹಿಸುತ್ತೇನೆ. ಎಂಟು ವರ್ಷದ ಇಬ್ಬರು ಮಕ್ಕಳ ಕೈ ಒಂದೇ ಅಳತೆಯಲ್ಲಿ ಇರುವುದಿಲ್ಲ. ಗುರುಗಳು ಬೇರೆ ಸೈಜ್ ಸೂಚಿಸಿದರೆ ಅವರ ಮಾತನ್ನೇ ಕೇಳಿ. ವಾರವಾರವೂ ಆ ಕೈಯನ್ನು ನೋಡುವವರು ಅವರು, ನಾನಲ್ಲ.

ಮುಂದಿನ ಸೈಜಿಗೆ ಹೋಗುವ ಕಾಲವನ್ನೂ ಅದೇ ಮಾಯಾಮಾಳವಗೌಳವೇ ತಿಳಿಸುತ್ತದೆ. ಗಾಂಧಾರಕ್ಕೂ ಮಧ್ಯಮಕ್ಕೂ ನಡುವಿನ ಅಂತರ ಕಾಲು ಸೈಜಿನಲ್ಲಿ ಸುಮಾರು 13 ಮಿಲಿಮೀಟರ್, ಅರ್ಧ ಸೈಜಿನಲ್ಲಿ ಸುಮಾರು 14, ಫುಲ್ ಸೈಜಿನಲ್ಲಿ ಸುಮಾರು 16. ಬೆರಳು ದಪ್ಪಗಾಗಿ ಆ ಎರಡು ಸ್ವರಗಳ ಜಾಗದಲ್ಲಿ ಒಂದನ್ನೊಂದು ತಳ್ಳತೊಡಗಿದರೆ, ಮಧ್ಯಮ ಪದೇ ಪದೇ ಏರಿ ನಿಂತರೆ, ಮೊಣಕೈ ಪಕ್ಕೆಗೆ ಒತ್ತಿಕೊಂಡರೆ, ವಾದ್ಯವನ್ನೂ ಮಗುವನ್ನೂ ಒಟ್ಟಿಗೆ ಕರೆದುಕೊಂಡು ಬನ್ನಿ. ಸಾಧ್ಯವಾದರೆ ಹಬ್ಬದ ಹಿಂದಿನ ಸಂಜೆ ಬೇಡ. ಜಮಖಾನ ಹಾಸಿ ಮೂರು ಸೈಜ್ ನುಡಿಸಿ ನೋಡಲು ಒಂದು ಗಂಟೆಯಾದರೂ ಬೇಕಾಗುತ್ತದೆ.