ಮಾಸಿನಿಂದ ಉದುರುವ ಚೂರುಗಳು

1893ರಲ್ಲಿ ಜರ್ಮನಿಯ ವೈದ್ಯ ಗೇಯೋರ್ಗ್ ಶ್ಮೋರ್ಲ್ ಒಂದು ವಿಚಿತ್ರ ಸಂಗತಿ ಬರೆದಿಟ್ಟರು. ಬಸುರಿನಲ್ಲಿ ಬಿ.ಪಿ. ಏರುವ ಪ್ರಿಎಕ್ಲಾಂಪ್ಸಿಯಾ ಎಂಬ ಕಾಯಿಲೆ ಜೋರಾಗಿ ಫಿಟ್ಸ್ ಬಂದು ತೀರಿಹೋದ 17 ಹೆಂಗಸರ ಶವಪರೀಕ್ಷೆ ಮಾಡಿದ್ದರು. ಅವರ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ದೊಡ್ಡ ದೊಡ್ಡ ಜೀವಕೋಶಗಳು ಸಿಕ್ಕಿಕೊಂಡಿದ್ದವು. ಒಂದೊಂದರಲ್ಲೂ ಹಲವು ನ್ಯೂಕ್ಲಿಯಸ್. ಇವು ತಾಯಿಯವಲ್ಲ, ಮಾಸಿನ (ಹೊಟ್ಟೆಯಲ್ಲಿ ಮಗುವಿಗೆ ಆಹಾರ ಒದಗಿಸುವ ಪ್ಲಾಸೆಂಟಾದ) ಹೊರಪದರದವು ಎಂದು ಅವರು ಗುರುತಿಸಿದರು. ಆಗಿನ್ನೂ ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡುವ ರೀವಾ-ರೋಚಿಯ ಸಾಧನವೇ ಬಂದಿರಲಿಲ್ಲ; ಅದು ಬಂದದ್ದು 1896ರಲ್ಲಿ.

ಆದರೆ ಒಂದು ತೊಡಕಿತ್ತು. ಅಷ್ಟು ದಪ್ಪದ ತುಣುಕು ಶ್ವಾಸಕೋಶದಲ್ಲೇ ನಿಂತುಬಿಡುತ್ತದೆ. ಹಾಗಾದರೆ ಈ ಕಾಯಿಲೆಯಲ್ಲಿ ಮೂತ್ರದಲ್ಲಿ ಪ್ರೋಟೀನ್ ಹೋಗುವುದು, ಕಣ್ಣು ಮಂಜಾಗುವುದು, ಫಿಟ್ಸ್, ಇವೆಲ್ಲ ಯಾಕೆ? ಉತ್ತರಕ್ಕೆ ಇನ್ನೂ ಚಿಕ್ಕದನ್ನು ನೋಡಬೇಕಿತ್ತು.

1967ರಲ್ಲಿ ಪೀಟರ್ ವುಲ್ಫ್ ಪ್ಲೇಟ್‌ಲೆಟ್‌ಗಳಿಂದ ಉದುರುವ ಧೂಳಿನಂಥ ಕಣಗಳನ್ನು ವಿವರಿಸಿದರು. ಮುಂದೆ 1990ರ ದಶಕದಲ್ಲಿ ಆಕ್ಸ್‌ಫರ್ಡಿನ ಕ್ರಿಸ್ ರೆಡ್‌ಮನ್ ಮತ್ತು ಇಯಾನ್ ಸಾರ್ಜೆಂಟ್ ತಂಡ ಮಾಸಿನ ಧೂಳಿನ ಬೆನ್ನು ಹತ್ತಿತು. ಮಾಸಿನ ಹೊರಪದರ ತಾಯಿಯ ರಕ್ತದಲ್ಲಿ ನೆನೆಯುತ್ತಲೇ ಇರುತ್ತದೆ. ಹಾಗಾಗಿ ಎಲ್ಲ ಬಸುರಿಯರಲ್ಲೂ ಚೂರು ಉದುರುತ್ತವೆ, ಅದು ಸಹಜ. ಬಿ.ಪಿ. ಏರಿ ಪ್ರಿಎಕ್ಲಾಂಪ್ಸಿಯಾ ಆದವರಲ್ಲಿ ಮಾತ್ರ ಜಾಸ್ತಿ, ಎಂದು ಆ ತಂಡ 1998ರಲ್ಲಿ ತೋರಿಸಿತು. ಈ ಚೂರುಗಳು ರಕ್ತನಾಳದ ಒಳಪದರವನ್ನು ಕೆಣಕುತ್ತವೆ. ಒಳಪದರ ಕೆಟ್ಟರೆ ನಾಳ ಸಡಿಲವಾಗುವುದಿಲ್ಲ, ಒತ್ತಡ ಏರುತ್ತದೆ.

2003ರಲ್ಲಿ ಬಾಸ್ಟನ್‌ನಲ್ಲಿ ಭಾರತ ಮೂಲದ ಅನಂತ್ ಕರುಮಂಚಿ ಅವರ ತಂಡ ಇನ್ನೊಂದು ಎಳೆ ಹಿಡಿಯಿತು: ರಕ್ತನಾಳಕ್ಕೆ ಬೇಕಾದ ಬೆಳವಣಿಗೆಯ ಅಂಶವನ್ನು ಕಟ್ಟಿಹಾಕುವ, ಮಾಸಿನಿಂದಲೇ ಬರುವ ಒಂದು ಪ್ರೋಟೀನ್. ಎಸ್‌ಫ್ಲಿಟ್-1 ಅದರ ಹೆಸರು. ಹಾಗಂತ ಚೂರುಗಳ ಕಥೆ ಸುಳ್ಳಾಗಲಿಲ್ಲ. ಈ ಪ್ರೋಟೀನು ಅವುಗಳ ಮೈಮೇಲೂ ಸಿಗುತ್ತದೆ.

ಹಾಗಾದರೆ ಚೂರು ಕಾರಣವೋ ಪರಿಣಾಮವೋ? ಬೀಜ ಮೊದಲೋ ಮರ ಮೊದಲೋ ಅನ್ನುವ ಹಾಗೆ ಇದೆ. ನನಗೇನೋ ಎರಡೂ ಅನ್ನಿಸುತ್ತದೆ. ರಕ್ತ ಸರಿಯಾಗಿ ಸಿಗದ ಮಾಸು ಜಾಸ್ತಿ ಉದುರಿಸುತ್ತದೆ, ಉದುರಿದ್ದು ತಾಯಿಯನ್ನು ಕೆಡಿಸುತ್ತದೆ. ಮಗುವೇ ಇಲ್ಲದೆ ಮಾಸಿನ ಅಂಗಾಂಶ ಮಾತ್ರ ಗುಳ್ಳೆಗಳಂತೆ ಬೆಳೆಯುವ ಮುತ್ತುಗರ್ಭದಲ್ಲೂ ಈ ಕಾಯಿಲೆ ಬರುತ್ತದೆ. ಅಂದಮೇಲೆ ಬೇರು ಮಾಸಿನಲ್ಲೇ ಇರಬೇಕು, ಅಲ್ವಾ?

ಎಣಿಸುವುದೇ ಈಗಿನ ತಲೆನೋವು. ಪ್ಲೇಟ್‌ಲೆಟ್‌ಗಳೂ ಅದೇ ಗಾತ್ರದ ಚೂರು ಬಿಡುತ್ತವೆ. ರಕ್ತದ ಟ್ಯೂಬನ್ನು ಜೋರಾಗಿ ಅಲುಗಾಡಿಸಿದರೆ ಅದರಲ್ಲೇ ಹೊಸ ಚೂರು ಹುಟ್ಟುತ್ತವೆ. ಒಂದು ಲ್ಯಾಬಿನ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ಅದಕ್ಕೇ ನಮ್ಮ ಆಸ್ಪತ್ರೆಗಳಲ್ಲಿ ಈಗಲೂ ಬಿ.ಪಿ. ಮತ್ತು ಮೂತ್ರ ಪರೀಕ್ಷೆಯನ್ನೇ ನಂಬುತ್ತಾರೆ. 20 ವಾರದ ನಂತರ 140/90 ಮುಟ್ಟಿತೇ ಎಂದು ನೋಡುತ್ತಾರೆ, ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ.