ಟ್ರಾನ್ಸ್‌ಮಿಟರ್ ಹಿಡಿಯುವ ಜಾಗ ಅಂಟಂಟಾಗಿದೆ, ಏನು ಮಾಡಲಿ?

ಬೀದರ್‌ನ ಓದುಗರೊಬ್ಬರ ಪ್ರಶ್ನೆ: "ಅಣ್ಣಾರೆ, ನನ್ನ ಆರ್‌ಸಿ ವಿಮಾನದ (ರಿಮೋಟ್‌ನಿಂದ ಹಾರಿಸೋ ಸಣ್ಣ ವಿಮಾನ) ಟ್ರಾನ್ಸ್‌ಮಿಟರ್, ಅಂದ್ರ ಕೈಯಾಗ ಹಿಡಿಯೋ ರಿಮೋಟ್, ಮೂರು ವರ್ಷ ಕಪಾಟಿನಾಗ ಇತ್ತು. ಈಗ ತೆಗೆದು ನೋಡಿದ್ರ ಹಿಡಿಯೋ ಜಾಗ ಪೂರಾ ಅಂಟಂಟು. ಎಷ್ಟ್ ಒರೆಸಿದ್ರೂ ಹೋಗವಲ್ದು. ಅದರ ಮ್ಯಾಲ ವಾಯುಪಡೆಯ ಸೂರ್ಯಕಿರಣ ಕಸರತ್ತು ತಂಡದ ವಿಮಾನದ ಹಂಗ ಕೆಂಪು-ಬಿಳಿ ಬಣ್ಣ ಹೊಡಿಬೇಕಂತ ಮಾಡೀನಿ. ನಡೀತದೇನ್ರಿ?"

ನಡೆಯುತ್ತದೆ. ಆದರೆ ಅಂಟಿನ ಮೇಲೆ ಬಣ್ಣ ಹೊಡೆದರೆ ನಡೆಯುವುದಿಲ್ಲ. ಒಂದೇ ತಿಂಗಳಲ್ಲಿ ಬಣ್ಣ ಸುಕ್ಕುಗಟ್ಟಿ ಕೈಗೆ ಬರುತ್ತದೆ. ಹಾಗಾಗಿ ಮೊದಲು ಆ ಅಂಟು ಏನು ಅಂತ ನೋಡೋಣ.

ಅದು ಕೊಳೆ ಅಲ್ಲ. ಎಷ್ಟು ಒರೆಸಿದರೂ ಹೋಗದೇ ಇರುವುದು ಅದಕ್ಕೇ. ಕೈ ಜಾರಬಾರದು, ಮೆತ್ತಗೆ ಇರಬೇಕು ಅಂತ ಗಟ್ಟಿ ಪ್ಲಾಸ್ಟಿಕ್ ಮೇಲೆ ಕಂಪನಿಯವರೇ ರಬ್ಬರಿನಂಥ ತೆಳುವಾದ ಲೇಪ ಹೊಡೆದಿರುತ್ತಾರೆ. ಸಾಮಾನ್ಯವಾಗಿ ಅದು ಪಾಲಿಯುರೆಥೇನ್. ಗಾಳಿಯಲ್ಲಿರುವ ತೇವ ನಿಧಾನವಾಗಿ ಅದರ ಒಳಗಿನ ಅಣುಗಳ ಉದ್ದುದ್ದ ಸರಪಳಿಗಳನ್ನು ತುಂಡು ಮಾಡುತ್ತದೆ. ಸರಪಳಿ ತುಂಡಾದಷ್ಟೂ ಲೇಪ ಮೆತ್ತಗಾಗಿ ಕೊನೆಗೆ ಅಂಟಾಗುತ್ತದೆ. ಸೆಕೆ ಈ ಕೆಲಸವನ್ನು ಜೋರು ಮಾಡುತ್ತದೆ. ಬೆವರು, ಕೈಯ ಎಣ್ಣೆ ಸೇರಿದರೆ ಇನ್ನೂ ಬೇಗ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಅದರ ಬೆನ್ನಿಗೇ ಮಳೆಗಾಲದ ತೇವ. ಮುಚ್ಚಿದ ಪೆಟ್ಟಿಗೆಯಲ್ಲಿ ಸುಮ್ನೆ ಇಟ್ಟರೂ ಲೇಪ ಹಾಳಾಗುತ್ತದೆ. ನೀವು ಚೆನ್ನಾಗಿ ನೋಡಿಕೊಳ್ಳಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ.

ಬೀದರ್‌ನವರಿಗೆ ಇದನ್ನು ಬಿದರಿ ಹೂಜಿ ತೋರಿಸಿ ಹೇಳಿದರೆ ಸುಲಭ. ಬಿದರಿಯ ಕಪ್ಪು ಮೇಲಿಂದ ಹಚ್ಚಿದ ಬಣ್ಣ ಅಲ್ಲ. ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಕಾಯಿಸಿದ ನೀರು ತಾಗಿದಾಗ ಸತು-ತಾಮ್ರದ ಆ ಲೋಹವೇ ಕಪ್ಪಾಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿ ಹಾಗೇ ಹೊಳೆಯುತ್ತದೆ. ಅದಕ್ಕೇ ಆ ಕಪ್ಪು ಸಿಪ್ಪೆ ಏಳುವುದಿಲ್ಲ. ಟ್ರಾನ್ಸ್‌ಮಿಟರ್ ಮೇಲಿನ ಕಪ್ಪು ಬರೀ ಹೊದಿಕೆ. ಹೊದಿಕೆ ಸತ್ತ ಮೇಲೆ ಅದನ್ನು ಉಳಿಸಲು ಹೋಗಬಾರದು, ಪೂರ್ತಿ ತೆಗೆಯಬೇಕು. ನನ್ನ ಉತ್ತರದ ಮುಖ್ಯ ಮಾತು ಇದೇ.

ಉಳಿಸಲು ಎಲ್ಲರೂ ಒಮ್ಮೆ ನೋಡುತ್ತಾರೆ. ನಾನೂ ನೋಡಿದ್ದೆ. ಕಲಬುರಗಿಯ ನಮ್ಮ ಮನೆಯ ಕಬ್ಬಿಣದ ಅಲಮಾರಿಯಲ್ಲಿ ಎರಡು ಬೇಸಿಗೆ ಕಳೆದ ಟ್ರಾನ್ಸ್‌ಮಿಟರ್ ಅದು. ಸುತ್ತಿಟ್ಟಿದ್ದ ಟವೆಲ್ ಬಿಡಿಸಿದರೆ ಬಟ್ಟೆಯ ನೇಯ್ಗೆ ಎಳೆ ಎಳೆಯಾಗಿ ಲೇಪದ ಮೇಲೆ ಅಚ್ಚಾಗಿತ್ತು. ಹೆಬ್ಬೆರಳು ಒತ್ತಿ ಎತ್ತಿದರೆ ಜಾಲಿ ಗೋಂದಿನ ಹಾಗೆ ಸಣ್ಣ ನೂಲು ಏಳುತ್ತಿತ್ತು. ಪೌಡರ್ ಹಾಕಿ ಉಜ್ಜಿದೆ. ಎರಡು ದಿನ ಚೆನ್ನಾಗಿತ್ತು, ಮೂರನೇ ದಿನ ಮತ್ತೆ ಅಂಟು. ಪೌಡರ್ ವಿಮಾನ ನಡೆಸುವ ಸ್ಟಿಕ್ಕಿನ ಸಂದಿಯಿಂದ ಒಳಗೆ ಇಳಿದಿತ್ತು, ವಿಮಾನದ ರಡ್ಡರ್ (ಬಾಲದ ಚುಕ್ಕಾಣಿ) ತನ್ನಷ್ಟಕ್ಕೆ ನಡುಗತೊಡಗಿತು. ಬಿಚ್ಚಿ ಸ್ವಚ್ಛ ಮಾಡುವುದಕ್ಕೆ ಒಂದು ಭಾನುವಾರ ಪೂರ್ತಿ ಹೋಯಿತು. ನೀವು ಪೌಡರ್ ಹಾಕಬೇಡಿ.

ಕೆಲಸ ಶುರು ಮಾಡುವ ಮುಂಚೆ ಒಂದು ಸಣ್ಣ ಪರೀಕ್ಷೆ. ಅಂಟಾದ ಜಾಗದ ಅಂಚಿಗೆ ಉಗುರು ಹಾಕಿ ಮೆಲ್ಲಗೆ ಎತ್ತಿ. ದಪ್ಪಗೆ ಪಟ್ಟಿಯ ಹಾಗೆ ಎದ್ದು ಬಂದರೆ ಅದು ಲೇಪ ಅಲ್ಲ, ಅಂಟಿಸಿದ ರಬ್ಬರ್ ಗ್ರಿಪ್. ಅದನ್ನು ಬಿಡಿಸಿ ಸೋಪಿನ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ತೆಳು ಡಬಲ್ ಸೈಡ್ ಟೇಪಿನಿಂದ ಮತ್ತೆ ಅಂಟಿಸಿದರೆ ಮುಗಿಯಿತು. ಎದ್ದು ಬರದೆ ಉಗುರಿಗೆ ಕಾಡಿಗೆಯಂತೆ ಮೆತ್ತಿಕೊಂಡರೆ ಅದು ಲೇಪ.

ಲೇಪ ತೆಗೆಯಲು ಬೇಕಾದದ್ದು ಐಸೊಪ್ರೊಪೈಲ್ ಆಲ್ಕೊಹಾಲ್. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುವುದು ಇದನ್ನೇ, ಐಪಿಎ ಅಂತ ಕೇಳಿದರೆ ಅವರಿಗೆ ಗೊತ್ತಾಗುತ್ತದೆ. ಪೆಟ್ರೋಲ್, ಅಸಿಟೋನ್, ಪೇಂಟ್ ಥಿನ್ನರ್ ಮಾತ್ರ ಮುಟ್ಟಬೇಡಿ. ಟ್ರಾನ್ಸ್‌ಮಿಟರ್ ಮೈ ಸಾಮಾನ್ಯವಾಗಿ ಎಬಿಎಸ್ ಪ್ಲಾಸ್ಟಿಕ್, ಅಸಿಟೋನ್ ಅದನ್ನು ಕರಗಿಸಿಬಿಡುತ್ತದೆ. ಉಗುರು ಬಣ್ಣ ತೆಗೆಯುವ ದ್ರವದಲ್ಲೂ ಬಹಳ ಸಲ ಅಸಿಟೋನೇ ಇರುತ್ತದೆ.

ಮೊದಲು ಬ್ಯಾಟರಿ ತೆಗೆಯಿರಿ. ಆಮೇಲೆ ನಾಲ್ಕೂ ಕಡೆಯಿಂದ ಫೋಟೋ ಹೊಡೆದಿಟ್ಟುಕೊಳ್ಳಿ. ಸ್ವಿಚ್ ಪಕ್ಕದ ಅಕ್ಷರಗಳು ಆ ಲೇಪದ ಮೇಲೇ ಅಚ್ಚಾಗಿದ್ದರೆ ಅದರ ಜೊತೆಗೇ ಹೋಗುತ್ತವೆ. ಯಾವುದು ಎಸ್‌ಎ, ಯಾವುದು ಎಸ್‌ಬಿ ಅಂತ ಆಮೇಲೆ ಹುಡುಕಾಡುವುದು ಬೇಡ. ಸ್ಕ್ರೀನಿನ ಪಾರದರ್ಶಕ ಹೊದಿಕೆ, ಸ್ಟಿಕ್ಕಿನ ಸಂದಿ, ಸ್ಪೀಕರ್ ತೂತು, ಎಲ್ಲಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಿ. ಸ್ಕ್ರೀನ್ ಹೊದಿಕೆ ಅಕ್ರಿಲಿಕ್ ಆಗಿದ್ದರೆ ಆಲ್ಕೊಹಾಲ್ ತಾಗಿ ಕೂದಲೆಳೆಯಂಥ ಬಿರುಕು ಬೀಳಬಹುದು.

ಗಾಳಿ ಆಡುವ ಜಾಗದಲ್ಲಿ, ಒಲೆ-ದೀಪದಿಂದ ದೂರ ಕೂತು ಕೆಲಸ ಮಾಡಿ. ಹಳೇ ಹತ್ತಿ ಬಟ್ಟೆ ನೆನೆಸಿ ಅಂಗೈ ಅಗಲದಷ್ಟು ಜಾಗದ ಮೇಲೆ ಎರಡು-ಮೂರು ನಿಮಿಷ ಇಡಿ. ನಮ್ಮ ಬಿಸಿಲಿಗೆ ಬೇಗ ಆರುತ್ತದೆ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಒರೆಸಿದರೆ ಬಟ್ಟೆ ಕಪ್ಪಾಗುತ್ತದೆ. ಬಟ್ಟೆಯ ಕೊಳೆಯಾದ ಮಗ್ಗುಲಿನಿಂದ ಮತ್ತೆ ಒರೆಸಬೇಡಿ, ತೆಗೆದ ಅಂಟನ್ನೇ ಮತ್ತೆ ಬಳಿದಂತಾಗುತ್ತದೆ. ಮೂಲೆಗಳಿಗೆ ಹಳೇ ಎಟಿಎಂ ಕಾರ್ಡಿನ ಅಂಚು ಸಾಕು, ಬ್ಲೇಡ್ ಬೇಡ. ಬೆರಳು ಸವರಿದಾಗ ಕಿರ್ ಅಂತ ಒಣ ಸದ್ದು ಬಂದರೆ ಆ ಜಾಗ ಮುಗಿಯಿತು. ಸಹನೆ ಬೇಕು, ಎರಡು-ಮೂರು ಸಂಜೆ ಹಿಡಿಯಬಹುದು.

ಇಲ್ಲಿಗೆ ನಿಲ್ಲಿಸಿದರೂ ತಪ್ಪಿಲ್ಲ. ಒಳಗಿಂದ ಬರುವ ಬರೀ ಪ್ಲಾಸ್ಟಿಕ್ ನೋಡಲು ಚೆನ್ನಾಗಿಯೇ ಇರುತ್ತದೆ, ಇನ್ನು ಅಂಟಾಗುವ ಮಾತಿಲ್ಲ. ಕೈ ಜಾರುತ್ತದೆ ಅನಿಸಿದರೆ ಹಿಡಿಯುವ ಜಾಗಕ್ಕಷ್ಟೇ ಕ್ರಿಕೆಟ್ ಬ್ಯಾಟಿನ ಗ್ರಿಪ್ ಕತ್ತರಿಸಿ ಅಂಟಿಸಿ. ನನ್ನದಕ್ಕೆ ನಾನು ಮಾಡಿದ್ದು ಇದೇ.

ಆದರೆ ನಿಮ್ಮ ಮನಸ್ಸು ಕೆಂಪು-ಬಿಳಿಯಲ್ಲಿದೆ, ಅಲ್ವಾ? ಅರ್ಥವಾಗುತ್ತದೆ. ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೇ ನಿಮ್ಮ ಬೀದರ್‌ನಲ್ಲಿ. ಆ ವಿಮಾನಗಳನ್ನು ನೋಡಿ ಬೆಳೆದವರ ಕೈಯಲ್ಲಿ ಕಪ್ಪು ಡಬ್ಬಿಗಿಂತ ಆ ಬಣ್ಣದ್ದೇ ಚೆಂದ.

ಹಾಗಾದರೆ ಹೊರಗಿನ ಕವಚ ಬಿಚ್ಚಿ, ಒಳಗಿನ ಬೋರ್ಡ್, ಸ್ಟಿಕ್ಕು ಎಲ್ಲ ಪಕ್ಕಕ್ಕಿಟ್ಟು ಬರೀ ಚಿಪ್ಪಿಗೆ ಬಣ್ಣ ಹೊಡೆಯಿರಿ. 600 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ಮೇಲೆ ಪ್ಲಾಸ್ಟಿಕ್ ಪ್ರೈಮರ್. ನಂತರ ಮೊದಲು ಬಿಳಿ, ಅದು ಒಣಗಿ ಟೇಪ್ ಹಚ್ಚಿದ ಮೇಲೆ ಕೆಂಪು. ತಿರುಗಾ ಮುರುಗಾ ಮಾಡಿದರೆ ಕೆಂಪು ಬಿಳಿಯೊಳಗೆ ಏರಿ ಗುಲಾಬಿ ಕಾಣುತ್ತದೆ. ಯಾವ ಸ್ಪ್ರೇ ಆದರೂ ಮೊದಲು ಬ್ಯಾಟರಿ ಮುಚ್ಚಳದ ಒಳಮೈಗೆ ಹೊಡೆದು ನೋಡಿ, ಪ್ಲಾಸ್ಟಿಕ್ ಮೆತ್ತಗಾದರೆ ಆ ಡಬ್ಬಿ ಬೇಡ. ಮಿನುಗುವ ಮೆಟಾಲಿಕ್ ಬಣ್ಣವೂ ಬೇಡ. ಅದರಲ್ಲಿ ಲೋಹದ ಚೂರು ಇರಬಹುದು, ಟ್ರಾನ್ಸ್‌ಮಿಟರ್ ಕಳಿಸುವ 2.4 ಗಿಗಾಹರ್ಟ್ಸ್ ರೇಡಿಯೊ ಸಿಗ್ನಲ್‌ಗೆ ಆಂಟೆನಾ ಹತ್ತಿರ ಲೋಹ ಒಳ್ಳೆಯದಲ್ಲ. ನಿಜವಾದ ಕಾರ್ಬನ್ ಫೈಬರ್ ಹಾಳೆಗೂ ಇದೇ ಮಾತು. ಕಾರ್ಬನ್ ಚಿತ್ರ ಅಚ್ಚು ಹಾಕಿದ ಬರೀ ವಿನೈಲ್ ಸ್ಟಿಕ್ಕರ್ ಆದರೆ ತೊಂದರೆ ಇಲ್ಲ.

ಮೇ ತಿಂಗಳ ಮಧ್ಯಾಹ್ನ ಸ್ಪ್ರೇ ಹಿಡಿಯಬೇಡಿ. ಹನಿ ದಾರಿಯಲ್ಲೇ ಒಣಗಿ ಮೈ ಮರಳು ಮರಳಾಗುತ್ತದೆ. ಜಿಟಿಜಿಟಿ ಮಳೆಯಲ್ಲಿ ಹೊಡೆದರೆ ತೇವ ಕೂತು ಮಂಜಿನಂತೆ ಬಿಳಿಚಿಕೊಳ್ಳುತ್ತದೆ. ದೀಪಾವಳಿ ಕಳೆದ ಮೇಲೆ, ಬೆಳಗಿನ ಬಿಸಿಲು ಸ್ವಲ್ಪ ಏರಿದಾಗ, ಗಾಳಿ ಇಲ್ಲದ ದಿನ ನೋಡಿ ತೆಳ್ಳಗೆ ಮೂರು-ನಾಲ್ಕು ಸಲ ಹೊಡೆಯಿರಿ. ಸ್ವಿಚ್ಚಿನ ಅಕ್ಷರಗಳನ್ನು ಫೋಟೋ ನೋಡಿಕೊಂಡು ಪೇಂಟ್ ಮಾರ್ಕರಿನಿಂದ ಬರೆದು, ಅದು ಒಣಗಿದ ಮೇಲೆ ಕ್ಲಿಯರ್ ಕೋಟನ್ನು ಹಗುರವಾಗಿ ಕೊಡಿ. ಒಂದು ವಾರ ಮುಟ್ಟಬೇಡಿ. ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಬೆರಳಿನ ಗುರುತು ಅಲ್ಲೇ ಉಳಿಯುತ್ತದೆ.

ಜೋಡಿಸಿದ ಮೇಲೆ ನೇರವಾಗಿ ಹಾರಿಸಬೇಡಿ. ಮೆನುವಿನಲ್ಲಿ ಸ್ಟಿಕ್ ಕ್ಯಾಲಿಬ್ರೇಷನ್ (ಸ್ಟಿಕ್ಕಿನ ನಡು ಮತ್ತು ತುದಿ ಸರಿಹೊಂದಿಸುವುದು) ಇದ್ದರೆ ಮಾಡಿ, ಒಂದೊಂದೇ ಸ್ವಿಚ್ ಒತ್ತಿ ನೋಡಿ. ಪ್ರೊಪೆಲ್ಲರ್ ಬಿಚ್ಚಿಟ್ಟು ವಿಮಾನವನ್ನು ಬಯಲಲ್ಲಿ ಇಡಿ. ಸಿಗ್ನಲ್ ತಗ್ಗಿಸಿ ದೂರ ಪರೀಕ್ಷಿಸುವ ರೇಂಜ್ ಚೆಕ್ ಹಾಕಿ, ಕೈಪಿಡಿಯಲ್ಲಿ ಹೇಳಿದಷ್ಟು ಹೆಜ್ಜೆ ದೂರ ನಡೆದು ಹೋಗಿ ಸ್ಟಿಕ್ ಆಡಿಸಿ. ರಡ್ಡರ್ ಅಲ್ಲಿಂದಲೂ ತಡವಿಲ್ಲದೆ ತಿರುಗಿದರೆ ಪ್ರೊಪೆಲ್ಲರ್ ಹಾಕಬಹುದು.