ಮೊಟ್ಟೆ, ಕಾಳು ತಿಂದ್ರೆ ಕಿಡ್ನಿ ಹೋಗುತ್ತಾ?

"ಮೇಡಂ, ಮಗ ಜಿಮ್‌ಗೆ ಹೋಗ್ತಾನೆ. ದಿನಾ ನಾಲ್ಕು ಮೊಟ್ಟೆ, ಮೇಲೆ ಒಂದು ಲೋಟ ಪ್ರೋಟೀನ್ ಪೌಡರ್. ಮುಂದೆ ಕಿಡ್ನಿ ಹೋಗುತ್ತಾ?" ಈ ವಾರ ಚಿಂತಾಮಣಿಯ ಒಬ್ಬ ತಾಯಿ ಕೇಳಿದ್ದಾರೆ. ಹೋದ ವಾರ ಶಿಡ್ಲಘಟ್ಟದಿಂದ ಬಂದಿತ್ತು. ಅವರೆಕಾಯಿ ಕಾಲದಲ್ಲಿ ಮೊಟ್ಟೆಯ ಜಾಗಕ್ಕೆ ಹಿತಕಿದ ಬೇಳೆ ಬರುತ್ತದೆ, ಪ್ರಶ್ನೆ ಮಾತ್ರ ಅದೇ.

ಕಿಡ್ನಿ ಚೆನ್ನಾಗಿದ್ದರೆ ಇಷ್ಟಕ್ಕೆಲ್ಲ ಹೋಗುವುದಿಲ್ಲ. ಪ್ರೋಟೀನ್ ಜಾಸ್ತಿ ತಿಂದಾಗ ಕಿಡ್ನಿ ಸ್ವಲ್ಪ ಜೋರಾಗಿ ಸೋಸುತ್ತದೆ, ನಿಜ. ಆರೋಗ್ಯವಂತರಲ್ಲಿ ಅದರಿಂದ ಕಿಡ್ನಿ ಕೆಟ್ಟಿದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಕೆಲವು ತಿಂಗಳಷ್ಟೇ ನಡೆದವು, ಹಾಗಾಗಿ ಎಷ್ಟಾದರೂ ತಿನ್ನಲಿ ಬಿಡಿ ಅಂತ ನಾನು ಹೇಳಲಾರೆ. ಪೌಡರ್ ಶುರು ಮಾಡುವ ಮೊದಲು ಒಮ್ಮೆ ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅಂತ ತಿಳಿಸುವ ರಕ್ತ ಪರೀಕ್ಷೆ), ಮೂತ್ರ ಪರೀಕ್ಷೆ ಮಾಡಿಸಿಬಿಡಿ.

ನಮ್ಮ ಕಡೆ ಜಾಸ್ತಿ ಆಯ್ತು ಅನ್ನುವಷ್ಟು ತಿನ್ನುವವರಾದರೂ ಎಷ್ಟು ಜನ? ದೊಡ್ಡವರಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕೆಜಿ ಇದ್ದರೆ ಹತ್ತಿರ ಹತ್ತಿರ 50 ಗ್ರಾಂ. ಎರಡು ಮುದ್ದೆಗೆ 200 ಗ್ರಾಂ ಹಿಟ್ಟು ಅಂದುಕೊಳ್ಳಿ, 14 ಗ್ರಾಂ ಬಂತು. ಕಾಳು ಸಾರಿನಲ್ಲಿ ಒಂದು ಹಿಡಿ ಒಣಕಾಳು ಇದ್ದರೆ 9. ಒಂದು ಮೊಟ್ಟೆಗೆ 6, ಒಂದು ಲೋಟ ಹಾಲಿಗೆ 6, ಅನ್ನಕ್ಕೊಂದು 7. ಎಲ್ಲ ಸೇರಿಸಿದರೂ 42. ಬಸ್ಸಾರಿನ ಕಟ್ಟು ಮಾತ್ರ ಬಡಿಸಿಕೊಂಡು ಪಲ್ಯ ಮಕ್ಕಳಿಗೆ ಬಿಡುವ ಅಮ್ಮಂದಿರ ಲೆಕ್ಕ ಇನ್ನೂ ಕೆಳಗೆ.

ಈಗ ನನ್ನ ತಲೆ ತಿನ್ನುವ ವಿಷಯಕ್ಕೆ ಬರುತ್ತೇನೆ. ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿಯನ್ನು ಸೊಸೆ ಕರೆದುಕೊಂಡು ಬಂದಿದ್ದರು. ಮೂರು ತಿಂಗಳಿಂದ ಬರೀ ಗಂಜಿ, ತಿಳಿಸಾರು. ತೋಳು ಕಡ್ಡಿ ಆಗಿತ್ತು. ಯಾಕಮ್ಮ ಅಂದೆ. "ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆ ಅಂತ ರಿಪೋರ್ಟ್ ಬಂತು ಮೇಡಂ. ಜಾಸ್ತಿ ಆಗಿದ್ದು ಹೊರಗೆ ಬರ್ತಿದೆ ಅಂತ ಕಾಳು, ಮೊಟ್ಟೆ ಎಲ್ಲ ನಿಲ್ಸಿದ್ವಿ."

ಅಲ್ಲ, ಅಲ್ಲ, ಅಲ್ಲ. ಹತ್ತು ವರ್ಷದಿಂದ ಹೇಳುತ್ತಿದ್ದೇನೆ. ತಿಂದ ಹುರುಳಿಕಾಳು ಹಾಗೇ ಮೂತ್ರಕ್ಕೆ ಇಳಿಯುವುದಿಲ್ಲ. ಹೊಟ್ಟೆ, ಕರುಳಿನಲ್ಲಿ ಅದು ಅಮೈನೋ ಆಮ್ಲ ಅನ್ನುವ ಸಣ್ಣ ಸಣ್ಣ ತುಣುಕುಗಳಾಗಿ ಒಡೆದುಹೋಗುತ್ತದೆ. ಮೈಗೆ ಬೇಡವಾದದ್ದರ ಸಾರಜನಕ ಯೂರಿಯಾ ಆಗಿ ಹೊರಗೆ ಹೋಗುತ್ತದೆ. ರಿಪೋರ್ಟಿನಲ್ಲಿ ಬಂದದ್ದು ಅಲ್ಬುಮಿನ್ ಅನ್ನುವ ಪ್ರೋಟೀನ್. ಅದನ್ನು ತಯಾರಿಸಿದ್ದು ನಿಮ್ಮದೇ ಲಿವರ್, ಅದು ಇರಬೇಕಾದ್ದು ರಕ್ತದಲ್ಲಿ. ರಾಗಿ ಹಿಟ್ಟು ಜರಡಿ ಹಿಡಿಯುವಾಗ ತೌಡು ಕೆಳಗೆ ಬಿದ್ದರೆ ಏನು ಮಾಡುತ್ತೀರಿ? ಜರಡಿ ಹರಿದಿದೆಯಾ ಅಂತ ನೋಡುತ್ತೀರಿ. ರಾಗಿ ಜಾಸ್ತಿ ಹಾಕಿದ್ದಕ್ಕೆ ಹೀಗಾಯ್ತು ಅನ್ನುತ್ತೀರಾ? ಇಲ್ಲೂ ಹರಿದದ್ದು ಜರಡಿ, ಅಂದರೆ ರಕ್ತ ಸೋಸುವ ಕಿಡ್ನಿ. ಹರಿಯುವುದು ಹೆಚ್ಚಾಗಿ ಹಿಡಿತ ತಪ್ಪಿದ ಶುಗರ್ ಮತ್ತು ಬಿಪಿಯಿಂದ. ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಪರೀಕ್ಷೆ 30ರ (mg/g) ಒಳಗೆ ಇದ್ದರೆ ಸರಿ. ಮೇಲಿದ್ದು, ಮತ್ತೆ ಮಾಡಿಸಿದಾಗಲೂ ಹಾಗೇ ಬಂದರೆ ಡಾಕ್ಟರ ಹತ್ತಿರ ಹೋಗಬೇಕು, ಕಾಳಿನ ಡಬ್ಬಿ ಮುಚ್ಚಿಡುವುದಲ್ಲ.

ಕಿಡ್ನಿ ಆಗಲೇ ಸೋತಿದ್ದರೆ ಮಾತು ಬೇರೆ. ಕಿಡ್ನಿ ಕಾಯಿಲೆಯ ಐದು ಹಂತಗಳಲ್ಲಿ ಮೂರನೇದು ಮುಟ್ಟಿದವರಿಗೆ ಕೆಜಿಗೆ 0.8 ಗ್ರಾಂ ಸಾಕು, 1.3 ದಾಟಲೇಬಾರದು. ಆ 0.8 ಅಂದರೆ ಹೆಚ್ಚುಕಡಿಮೆ ಎಲ್ಲರ ಊಟವೇ ಅಲ್ವಾ? ಗಂಜಿ ಅಲ್ಲ. ಡಯಾಲಿಸಿಸ್‌ನಲ್ಲಿ ಇರುವವರಿಗಂತೂ 1ರಿಂದ 1.2 ಬೇಕು, ಯಾಕೆಂದರೆ ಡಯಾಲಿಸಿಸ್‌ನಲ್ಲೇ ಒಂದಿಷ್ಟು ಹೊರಟುಹೋಗುತ್ತದೆ. ಈ ಲೆಕ್ಕ ನಿಮ್ಮ ಡಾಕ್ಟರ ಜೊತೆ ಕೂತೇ ಆಗಬೇಕು.

ಯಾರೂ ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ. ಆ ಅಜ್ಜಿಯ ಸೆರಗಿನ ಗಂಟಿನಲ್ಲಿ ಡೈಕ್ಲೋಫೆನಾಕ್ ಮಾತ್ರೆ ಇತ್ತು. ಮಂಡಿ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು, ದಿನಾ ಒಂದು. ಮೊಟ್ಟೆಗೆ ಹೆದರಿದ ಮನೆಯಲ್ಲಿ ಅದಕ್ಕೆ ಯಾರೂ ಹೆದರಿರಲಿಲ್ಲ! ಇಂಥ ನೋವಿನ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ. ಬಿಸಿಲಲ್ಲಿ ಹೊಲದ ಕೆಲಸ ಮಾಡಿ, ನೀರೂ ಕುಡಿಯದೆ, ಬಿಪಿ ಮಾತ್ರೆ ಜೊತೆ ನುಂಗಿದರೆ ಅಪಾಯ ಇನ್ನೂ ಜಾಸ್ತಿ. ಅಜ್ಜಿಯದು ಬಾಗೇಪಲ್ಲಿ ಕಡೆ ಊರು. ಆ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅದೂ ಕೀಲು ಹಿಡಿಯುತ್ತದೆ. ಕುಡಿಯುವ ನೀರು ಎಲ್ಲಿಂದ ಅಂತ ಸೊಸೆಯನ್ನು ಕೇಳಿದೆ. "ಬೋರ್ ನೀರೇ ಮೇಡಂ, ಆದ್ರೆ ಚೆನ್ನಾಗಿ ಕುದಿಸ್ತೀವಿ" ಅಂದರು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ.